ಹೊಟ್ಟೆಕಿಚ್ಚಿನವಳ ಸಾಕ್ಷ್ಯ

ಅಸುಂತಾ ದೆನಾರ್ದೊಗೆ ಹೊಟ್ಟೆಕಿಚ್ಚು ಜಾಸ್ತಿ ಎಂಬುದು ಪೆನ್‌ರಾಕ್ ಊರಿಗೆಲ್ಲ ಗೊತ್ತಿತ್ತು. ಅವಳೂ ಅದನ್ನು ಮುಚ್ಚಿಟ್ಟವಳಲ್ಲ. ಚಿಕ್ಕಂದಿನಲ್ಲಿ ತಂಗಿಯ ಗುಂಗುರು ಕೂದಲು ಕಂಡರಾಗುತ್ತಿರಲಿಲ್ಲ. ಮದುವೆಯಾದ ಮೇಲೆ ಪಕ್ಕದ ಮನೆಯ ಟೊಮೆಟೊ ತನ್ನ ಹಿತ್ತಲಿನದಕ್ಕಿಂತ ಒಂದು ವಾರ ಮೊದಲೇ ಕೆಂಪಾಯಿತೆಂದರೆ ಅವತ್ತು ಊಟ ಸೇರುತ್ತಿರಲಿಲ್ಲ. "ಪಕ್ಕದೋರ ತಟ್ಟೆ ನೋಡ್ತಾ ನೋಡ್ತಾ ನಿನ್ನ ಸೂಪು ಆರೋಗತ್ತೆ ಕಣೇ" ಎಂದು ಗಂಡ ಎರ್ಕೊಲೆ ನಗುತ್ತಿದ್ದ. ಅವನು ಹಾಗೆ ನಕ್ಕರೆ ಅವಳ ಸಿಟ್ಟು ಅರ್ಧ ಇಳಿಯುತ್ತಿತ್ತು.

ಪೆನ್ಸಿಲ್ವೇನಿಯಾದ ಆ ಊರಿನಲ್ಲಿ ಗಂಡಸರು ಸ್ಲೇಟು ಕಲ್ಲಿನ ಗಣಿಗೆ ಹೋಗುತ್ತಿದ್ದರು, ಹೆಂಗಸರು ಅಂಗಿ ಹೊಲಿಯುವ ಫ್ಯಾಕ್ಟರಿಗೆ. ಎರ್ಕೊಲೆ ಗಣಿಯ ತಳಕ್ಕಿಳಿದು ಕಲ್ಲು ಒಡೆಯುವವನು. ಅಸುಂತಾ ಹದಿನಾಲ್ಕು ವರ್ಷದಿಂದ ಅಂಗಿಗೆ ಕಾಲರ್ ಕೂಡಿಸುವವಳು. ಅವಳ ಪಕ್ಕದ ಮಷೀನಿನಲ್ಲಿ ತೋಳಿನ ಪಟ್ಟಿ ಹೊಲಿಯುತ್ತಿದ್ದವಳು ವಿನಿಫ್ರೆಡ್ ಟ್ರೆಗೀರ್, ಎಲ್ಲರ ಬಾಯಲ್ಲಿ ವಿನ್ನಿ. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ಮನೆತನದವಳು. ಅವಳ ಗಂಡ ಹೆಡ್ಲಿ ಗಣಿಯ ಮೇಲುಸ್ತುವಾರಿ. ಮೇಲಿನ ಬೀದಿಯಲ್ಲಿ ಜಗಲಿಯ ಮನೆ, ಜಗಲಿಗೆ ಬಿಳಿ ಬಣ್ಣ, ಜಗಲಿಯಲ್ಲಿ ತೂಗುವ ಬೆಂಚು. ಅಸುಂತಾಗೆ ಮೊದಲಿನಿಂದಲೂ ಆ ಬೆಂಚಿನ ಮೇಲೆ ಕಣ್ಣು. ಅವರು ಅದರಲ್ಲಿ ಕೂತದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ, ಅದಕ್ಕಾಗಿ ಇನ್ನಷ್ಟು ಉರಿ. ಹಾಗೆಂದು ಇಬ್ಬರೂ ಜಗಳವಾಡಿದವರಲ್ಲ. ಮಧ್ಯಾಹ್ನ ಒಂದೇ ಮೇಜಿನಲ್ಲಿ ಊಟ, ದಾರ ಮುಗಿದರೆ ಒಬ್ಬರಿಗೊಬ್ಬರು ಕೊಡುವುದು, ಅಷ್ಟರಮಟ್ಟಿಗೆ ಇದ್ದರು.

ಐವತ್ತೆರಡನೆಯ ಇಸವಿಯ ಅಕ್ಟೋಬರಿನಲ್ಲಿ, ಕತ್ತಲಾಗುವ ಹೊತ್ತಿಗೆ, ಕೆಲಸ ಮುಗಿಸಿ ನಡೆದು ಬರುತ್ತಿದ್ದ ಎರ್ಕೊಲೆಗೆ ಒಂದು ಲಾರಿ ಬಡಿಯಿತು. ಅಲ್ಲಿಯೇ ಸತ್ತ. ನೋಡಿದವರು ಯಾರೂ ಇಲ್ಲ. ಲಾರಿ ಓಡಿಸಿದವನು, "ಸದ್ದು ಕೇಳೋವರೆಗೂ ನನಗೇನೂ ಕಾಣಲಿಲ್ಲ" ಎಂದಷ್ಟೇ ಹೇಳಿದ. ಆ ರಸ್ತೆಯ ಬದಿಯಲ್ಲಿ ಒಂಬತ್ತು ಮನೆಗಳಿದ್ದವು. ಅಸುಂತಾ ಒಂಬತ್ತು ಬಾಗಿಲನ್ನೂ ತಟ್ಟಿದಳು. ಒಂದು ಮನೆಯ ಪರದೆ ಅವಳು ಬರುವಾಗ ಸರಿದಿತ್ತು, ಬಾಗಿಲು ತೆರೆಯುವ ಹೊತ್ತಿಗೆ ಮುಚ್ಚಿತ್ತು. "ನಾವು ಒಳಗಿದ್ವಿ ಕಣಮ್ಮ, ಏನೂ ನೋಡಿಲ್ಲ" ಎಂದರು. ಆ ಪರದೆಯ ಹಿಂದಿನವರು ನೋಡಿದ್ದಾರೆ, ನೋಡಿಯೂ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ ಎಂಬುದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಪ್ರತಿ ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿ ಗಂಡನಿಗೆ ಒಂದು ಪ್ರಾರ್ಥನೆ, ಆ ಪರದೆಗೆ ಒಂದು ಶಾಪ.

ಲಾರಿಯವನ ಮೇಲೆ ಅವಳು ಹಾಕಿದ ಪರಿಹಾರದ ಕೇಸು ಕೋರ್ಟಿಗೆ ಬಂದದ್ದು ಐವತ್ತನಾಲ್ಕರ ವಸಂತದಲ್ಲಿ. ಜಿಲ್ಲೆಯ ದೊಡ್ಡ ಊರಿನ ಗುಡ್ಡದ ಮೇಲಿನ ಕೋರ್ಟು. ತಪ್ಪು ಯಾರದೆಂದು ತೀರ್ಮಾನಿಸಲು ಜನಸಾಮಾನ್ಯರಿಂದ ಆರಿಸಿದ ಹನ್ನೆರಡು ಮಂದಿ ಜೂರಿಗಳು ಎರಡು ಸಾಲಾಗಿ ಕೂತಿದ್ದರು. ಅವರಲ್ಲಿ ಹಸಿರು ಹ್ಯಾಟಿನ ಒಬ್ಬ ಹೆಂಗಸು ಅಸುಂತಾಳನ್ನು ನೋಡಿ ತಲೆಯಾಡಿಸಿದಳು. ಆ ಒಂದು ನೋಟಕ್ಕೇ ಅಸುಂತಾಳ ಎದೆ ತುಂಬಿಬಂತು. ಇವರಿಗೆ ಹೇಳಬೇಕು, ಎರ್ಕೊಲೆ ಎಂಥವನಾಗಿದ್ದ, ಹೇಗೆ ನಡೆಯುತ್ತಿದ್ದ ಎಂದೆಲ್ಲ ಹೇಳಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು. ಆದರೆ ಅವಳನ್ನು ಕೇಳಿದ್ದು ಅವನು ಮನೆ ಬಿಟ್ಟದ್ದು ಎಷ್ಟು ಗಂಟೆಗೆ, ಅವನ ವಯಸ್ಸೆಷ್ಟು ಎಂದು ಮಾತ್ರ. ಹನ್ನೊಂದೂವರೆಗೆ ಲಾರಿಯವನ ಕಡೆಯ ವಕೀಲ ಎದ್ದು ಏನೋ ಹೇಳಿದ. ನ್ಯಾಯಾಧೀಶ ಹೆಲ್ಲರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಬ್ಬ ಮನುಷ್ಯ ಸತ್ತಿದ್ದಾನೆ ಅನ್ನೋದು ನಿಜ. ಆದರೆ ಅಪಘಾತ ಆಯ್ತು ಅಂದಮಾತ್ರಕ್ಕೆ ಓಡಿಸಿದವನದೇ ತಪ್ಪು ಅಂತ ಆಗೋದಿಲ್ಲ. ಲಾರಿಯವನು ಏನು ಮಾಡಿದ, ಏನು ಮಾಡಲಿಲ್ಲ ಅನ್ನೋದಕ್ಕೆ ಇಲ್ಲಿ ಒಂದು ಮಾತಿನ ಸಾಕ್ಷ್ಯ ಇಲ್ಲ. ಜೂರಿಗಳನ್ನು ಸುಮ್ಮನೆ ಊಹೆ ಮಾಡಿ ಅನ್ನೋಕೆ ನನಗೆ ಅಧಿಕಾರ ಇಲ್ಲ" ಎಂದರು. ಕೇಸು ಅಲ್ಲಿಗೇ ಮುಗಿಯಿತು. ಹನ್ನೆರಡು ಮಂದಿಯೂ ಎದ್ದು ಕೋಟು ಹಾಕಿಕೊಂಡರು. ಹಸಿರು ಹ್ಯಾಟಿನವಳು ಹೋಗುವಾಗ ಈ ಕಡೆ ತಿರುಗಲಿಲ್ಲ.

ಮನೆಯಲ್ಲಿ ಎರ್ಕೊಲೆಯ ತಾಯಿ, ಮುದುಕಿ ಅನುಂಝಿಯಾತಾ, ಕಾಯುತ್ತಿದ್ದಳು.

"ಏನಂದ್ರು ಆ ಹನ್ನೆರಡು ಜನ?"

"ಅವರನ್ನ ಯಾರೂ ಕೇಳ್ಲೇ ಇಲ್ಲ ಮಮ್ಮಾ."

ಮುದುಕಿ ಒಲೆಯ ಕಡೆ ತಿರುಗಿ ಸೂಪಿನ ಪಾತ್ರೆ ಇಳಿಸಿದಳು.

ಮುಂದಿನ ವರ್ಷ ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಅಸುಂತಾ ಸಂತೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಡ್ರೈವರನ ಬೆನ್ನ ಹಿಂದಿನ ಸೀಟು ಅವಳ ಖಾಯಂ ಜಾಗ. ಚಳಿಗೆ ಕಿಟಕಿಗಳೆಲ್ಲ ಮಂಜು ಕಟ್ಟಿದ್ದವು. ಅವಳು ತನ್ನ ಕಿಟಕಿಯನ್ನು ಕೈಗವಸಿನಿಂದ ಒರೆಸಿಕೊಂಡಿದ್ದಳು. ಚರ್ಚಿನ ಇಳಿಜಾರಿನ ಕೆಳಗೆ ಬಸ್ಸು ನಿಂತಾಗ ಹೆಡ್ಲಿ ಟ್ರೆಗೀರ್ ಇಳಿದ. ಒಬ್ಬಳು ಅಜ್ಜಿ ಹತ್ತುತ್ತಿದ್ದಳು. ಡ್ರೈವರ್ ಬಾಗಿಲ ಕಡೆ ಬಗ್ಗಿ ಅವಳ ಚೀಲ ಎತ್ತಿಕೊಳ್ಳುತ್ತಿದ್ದ. ಹೆಡ್ಲಿ ಬಸ್ಸಿನ ಮುಂದಿನಿಂದ ಸುತ್ತಿ ಈಚೆ ಮೂಲೆಗೆ ಬಂದು ನಿಂತ. ಬಸ್ಸಿನ ಮೇಲೆ ಕೈಯೂರಿ, ಕತ್ತು ಚಾಚಿ, ಬಸ್ಸು ಇಳಿದುಬಂದ ಇಳಿಜಾರಿನ ಮೇಲಕ್ಕೆ ನೋಡಿದ. ಆಮೇಲೆ ರಸ್ತೆಯ ಇನ್ನೊಂದು ಕಡೆ ನೋಡಿದ. ಅಸುಂತಾಳೂ ಮೇಲಕ್ಕೆ ನೋಡಿದಳು. ದೂರದಲ್ಲಿ, ಚರ್ಚಿನ ಹತ್ತಿರ, ಒಂದು ಕಪ್ಪು ಕಾರು ಇತ್ತು. ಹೆಡ್ಲಿ ಹೆಜ್ಜೆಯಿಟ್ಟ. ಅವಳು ಕಣ್ಣು ಮಿಟುಕಿಸುವುದರೊಳಗೆ ಆ ಕಾರು ಅವಳ ಕಿಟಕಿಯ ಪಕ್ಕದಲ್ಲೇ ಗಾಳಿಯ ಹಾಗೆ ಹಾದುಹೋಯಿತು. ಹಾರ್ನ್ ಇಲ್ಲ, ಏನಿಲ್ಲ. ಆಮೇಲೆ ಸದ್ದು ಕೇಳಿತು.

ಜನ ಇಳಿದು ಓಡುವ ಗದ್ದಲದಲ್ಲಿ ಅಸುಂತಾ ಚೀಲ ಹಿಡಿದುಕೊಂಡು ಹಿಂದಿನ ಬೀದಿಯಿಂದ ಮನೆಗೆ ನಡೆದಳು. ಅತ್ತೆಗೆ ಎಲ್ಲ ಹೇಳಿದಳು. ಮುದುಕಿ ಶಿಲುಬೆಯ ಗುರುತು ಹಾಕಿಕೊಂಡು, "ಪೋಲೀಸ್ನೋರು ನಿನ್ನ ನೋಡಿದ್ರಾ?" ಎಂದಳು.

"ಇಲ್ಲ."

"ಹಂಗಾದ್ರೆ ನೀನು ಆ ಬಸ್ಸಲ್ಲಿ ಇರ್ಲಿಲ್ಲ. ನನ್ನ ಮಗನಿಗೆ ಯಾರು ಬಾಯಿ ಬಿಟ್ರು?"

ಅಸುಂತಾಗೆ ಆ ಮಾತು ಹಿತವಾಗಿತ್ತು ಎಂಬುದನ್ನು ಹೇಳಲೇಬೇಕು. ಹೆಡ್ಲಿ ಸತ್ತದ್ದಕ್ಕೆ ಅವಳಿಗೆ ಸಂತೋಷವೇನೂ ಇರಲಿಲ್ಲ, ಅಷ್ಟು ಕೆಟ್ಟವಳಲ್ಲ. ಆದರೆ ಶವಸಂಸ್ಕಾರದ ದಿನ ಮೇಲಿನ ಬೀದಿಯುದ್ದಕ್ಕೂ ನಿಂತ ಕಾರುಗಳನ್ನು ನೋಡಿದಳು. ಗಣಿಯ ಮಾಲೀಕರೇ ಟೋಪಿ ಕೈಯಲ್ಲಿ ಹಿಡಿದು ಬಂದಿದ್ದರು. ಎರ್ಕೊಲೆಯ ಪೆಟ್ಟಿಗೆಯ ಹಿಂದೆ ನಡೆದವರು ಮೂವತ್ತು ಜನ. ಪತ್ರಿಕೆಯಲ್ಲಿ ಹೆಡ್ಲಿಯ ಫೋಟೋ ಬಂತು. ಎರ್ಕೊಲೆಗೆ ಬಂದದ್ದು ನಾಲ್ಕು ಸಾಲು, ಹೆಸರಿನ ಅಕ್ಷರವೂ ತಪ್ಪು. ಫ್ಯಾಕ್ಟರಿಗೆ ವಿನಿಫ್ರೆಡ್ ವಾಪಸು ಬಂದ ದಿನ ಹೆಂಗಸರೆಲ್ಲ ಅವಳನ್ನು ಸುತ್ತುವರಿದು ನಿಂತರು. ಅಸುಂತಾ ಮಷೀನಿನ ಪೆಡಲ್ ಒತ್ತಿ ಹಿಡಿದು ಕಾಲರ್ ಮೇಲೆ ಕಾಲರ್ ಹೊಲಿಯುತ್ತ ಹೋದಳು, ಆ ಸದ್ದಿನಲ್ಲಿ ಅವರ ಮಾತು ಕೇಳದಿರಲಿ ಎಂದು.

ಆ ಕಾರು ಹೊರ ಊರಿನ ವ್ಯಾಪಾರಿಯೊಬ್ಬನದು. ವಿನಿಫ್ರೆಡ್ ಅವನ ಮೇಲೆ ಕೇಸು ಹಾಕಿದಳು. ಅವಳ ವಕೀಲ ಕ್ಲಾಟ್ಸ್ ಪತ್ರಿಕೆಯಲ್ಲಿ ಮೂರು ಸಲ ಪ್ರಕಟಣೆ ಕೊಟ್ಟ, ಆ ಬಸ್ಸಿನಲ್ಲಿದ್ದವರು ಯಾರಾದರೂ ನೋಡಿದ್ದರೆ ತಿಳಿಸಿ ಎಂದು. ಹಿಂದಿನ ಸೀಟುಗಳ ನಾಲ್ಕೈದು ಜನ ಬಂದರು. ಎಲ್ಲರದೂ ಒಂದೇ ಮಾತು, ಕಿಟಕಿ ಮಂಜಾಗಿತ್ತು. ಕೊನೆಗೆ ವಿನಿಫ್ರೆಡ್ಡೇ ಊಟದ ಮೇಜಿನಲ್ಲಿ ಒಬ್ಬೊಬ್ಬರನ್ನೇ ಕೇಳುತ್ತ ಬಂದಳು.

"ಅಸುಂತಾ, ನೀನು ಶನಿವಾರ ಸಂತೆಗೆ ಹೋಗ್ತೀಯಲ್ಲ. ಅವತ್ತು ಆ ಬಸ್ಸಲ್ಲಿದ್ಯಾ?"

ಅಸುಂತಾ ಬ್ರೆಡ್ಡಿನೊಳಗಿನ ಹುರಿದ ಮೆಣಸಿನಕಾಯಿಯನ್ನು ಸರಿಮಾಡುತ್ತಿದ್ದಳು. ತಲೆಯೆತ್ತಲಿಲ್ಲ.

"ಅವತ್ತು ಹೋಗಿರ್ಲಿಲ್ಲ. ಅತ್ತೆಗೆ ಹುಷಾರಿರ್ಲಿಲ್ಲ."

"ಯಾರಾದ್ರೂ ಇದ್ದೋರು ಗೊತ್ತಾದ್ರೆ ಹೇಳ್ತೀಯಾ?"

"ಹೇಳ್ತೀನಿ."

ವಿನಿಫ್ರೆಡ್ ಅವಳ ಭುಜ ಮುಟ್ಟಿ ಮುಂದಿನ ಮೇಜಿಗೆ ಹೋದಳು. ಅವಳ ಮೈ ಇಳಿದುಹೋಗಿದ್ದನ್ನು ಅಸುಂತಾ ಕಂಡಳು. ಕಂಡೂ ಒಳಗೊಂದು ದನಿ, ನಾನೂ ಒಂಬತ್ತು ಬಾಗಿಲು ತಟ್ಟಿದೆ, ಈಗ ನೀನು ತಟ್ಟು ಎಂದಿತು.

ಐವತ್ತೇಳರ ಜೂನಿನಲ್ಲಿ ವಿಚಾರಣೆ ಶುರುವಾಯಿತು. ಅಸುಂತಾ ಎರಡು ದಿನ ರಜೆ ಕೇಳಿದಳು. ಮೇಲ್ವಿಚಾರಕಿ ಪ್ರಿಚರ್ಡ್ ಹುಬ್ಬೇರಿಸಿದಳು.

"ವಿನ್ನಿ ಜೊತೆಗಿರೋಕೆ ಹೋಗ್ತಿದ್ದೀಯಾ? ನಿನ್ನ ಬಗ್ಗೆ ನಾನು ಬೇರೆ ಥರ ತಿಳ್ಕೊಂಡಿದ್ದೆ."

ಅಸುಂತಾ ರಜೆಯ ಚೀಟಿಯನ್ನು ಅವಳ ಮುಂದೆ ಸರಿಸಿದಳು. ಅವಳು ಹೋಗುತ್ತಿದ್ದದ್ದು ನೋಡಲಿಕ್ಕೆ. ತನಗೆ ಆದದ್ದು ವಿನಿಫ್ರೆಡ್ಡಿಗೂ ಆಗುವುದನ್ನು ಕಣ್ಣಾರೆ ನೋಡಬೇಕಿತ್ತು.

ಅದೇ ಕೋರ್ಟು, ಅದೇ ಹೆಲ್ಲರ್. ಜೂರಿಗಳು ಬೇರೆ. ಅಸುಂತಾ ಹಿಂದಿನ ಬೆಂಚಿನಲ್ಲಿ ಕೂತು ಒಂದೊಂದನ್ನೂ ತನ್ನದರ ಜೊತೆ ಅಳೆದು ನೋಡಿದಳು. ತನ್ನ ವಕೀಲನ ಕೋಟಿನ ಮೊಣಕೈ ಸವೆದಿತ್ತು, ಕ್ಲಾಟ್ಸನದು ಹೊಸದು. ವಿನಿಫ್ರೆಡ್ಡಳ ಪರವಾಗಿ ಪೋಲೀಸಿನವನೊಬ್ಬ ದೊಡ್ಡ ನಕ್ಷೆ ಹಿಡಿದು ನಿಂತ. ಎರ್ಕೊಲೆ ಬಿದ್ದ ಜಾಗವನ್ನು ಯಾರೂ ಬರೆದಿರಲಿಲ್ಲ. ವಿನಿಫ್ರೆಡ್ ಸಾಕ್ಷಿಕಟ್ಟೆಯಲ್ಲಿ ಅಳುವಾಗ ಜೂರಿಗಳಲ್ಲಿ ಇಬ್ಬರು ಕರವಸ್ತ್ರ ತೆಗೆದರು. ಅಸುಂತಾ ಆ ಕರವಸ್ತ್ರಗಳನ್ನೂ ಎಣಿಸಿಕೊಂಡಳು. ಆ ಕಣ್ಣೀರಿನ ಪಾಲಿನಲ್ಲಿ ಒಂದು ಹನಿಯೂ ತನ್ನವನಿಗೆ ಸಿಕ್ಕಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನಕ್ಕೆ ಮುಂಚೆ ವಿನಿಫ್ರೆಡ್ಡಳ ಕಡೆಯ ಸಾಕ್ಷಿಗಳು ಮುಗಿದರು. ವ್ಯಾಪಾರಿಯ ಕಡೆಯ ವಕೀಲ, ಬ್ರೋಡ್ಹೆಡ್ ಎಂಬ ಎತ್ತರದ ಆಸಾಮಿ, ಎದ್ದು ನಿಂತ. ಜೂರಿಗಳನ್ನು ಹೊರಗೆ ಕಳಿಸಿದರು.

"ಕಾರಿನ ವೇಗ ಎಷ್ಟಿತ್ತು ಅಂತ ಯಾರೂ ಹೇಳಿಲ್ಲ. ಹಾರ್ನ್ ಹಾಕಿದ್ನೋ ಇಲ್ವೋ, ಅದನ್ನೂ ಯಾರೂ ಹೇಳಿಲ್ಲ. ಸತ್ತ ಮನುಷ್ಯ ನಿಂತ ಬಸ್ಸಿನ ಮುಂದಿನಿಂದ, ಆ ಕಡೆ ಈ ಕಡೆ ನೋಡದೆ, ಕುರುಡನ ಹಾಗೆ ರಸ್ತೆಗೆ ನುಗ್ಗಿದ್ದಾನೆ. ಇದರಲ್ಲಿ ಜೂರಿಗಳು ತೀರ್ಮಾನ ಮಾಡೋದು ಏನೂ ಉಳಿದಿಲ್ಲ ಸ್ವಾಮಿ" ಎಂದ.

ಸತ್ತವನ ತಪ್ಪು ಎಳ್ಳಷ್ಟಿದ್ದರೂ ಅಲ್ಲಿಯ ಕಾನೂನು ಆಗ ಅವನ ಮನೆಯವರಿಗೆ ಏನೂ ಕೊಡಿಸುತ್ತಿರಲಿಲ್ಲ. ಹೆಲ್ಲರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಊಟವಾದ ಮೇಲೆ ಹೇಳುತ್ತೇನೆ ಎಂದು ಎದ್ದರು. ಕನ್ನಡಕ ಮೇಜಿಗಿಟ್ಟದ್ದು ಕಂಡೇ ಅಸುಂತಾಗೆ ಗೊತ್ತಾಗಿಹೋಯಿತು, ಇದು ಮುಗಿಯಿತು ಎಂದು.

ಹೊರಗೆ ಮರದಡಿಯ ಬೆಂಚಿನಲ್ಲಿ ಕೂತಳು. ಬಯಸಿ ಬಂದದ್ದು ಸಿಕ್ಕಿತ್ತು, ಆದರೆ ಹೊಟ್ಟೆ ತಣ್ಣಗಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ವಿನಿಫ್ರೆಡ್ ಬಂದು ಪಕ್ಕದಲ್ಲಿ ಕೂತು, ಕಾಗದದಲ್ಲಿ ಸುತ್ತಿದ್ದ ಮಾಂಸದ ಕಡುಬನ್ನು ಎರಡು ಭಾಗ ಮಾಡಿ ಒಂದನ್ನು ಮುಂದೆ ಹಿಡಿದಳು.

"ತಗೋ. ನನಗೆ ಗಂಟಲಲ್ಲಿ ಇಳೀತಿಲ್ಲ. ಎರಡು ದಿನದಿಂದ ಬಂದು ಕೂತಿದ್ದೀಯಲ್ಲ ಅಸುಂತಾ, ನಮ್ಮೋರು ಕೂಡ ಯಾರೂ ಬಂದಿಲ್ಲ." ಆಮೇಲೆ ನೆಲ ನೋಡುತ್ತ, "ನಿನಗೇ ಗೊತ್ತಾಗೋದು ಇದು. ಇನ್ಮೇಲೆ ನಾವಿಬ್ರೂ ಒಂದೇ" ಎಂದಳು.

ಅಸುಂತಾಗೆ ಮೈಯೆಲ್ಲ ಉರಿದಂತಾಯಿತು. ಒಂದೇ ಹೇಗಾಗುತ್ತದೆ? ಎರ್ಕೊಲೆಯನ್ನು ನೋಡಿದವರು ಯಾರೂ ಇರಲಿಲ್ಲ. ಇದ್ದರೆ ಆ ಪರದೆಯ ಹಿಂದಿನವರು. ಈ ಹೆಡ್ಲಿಯನ್ನು ನೋಡಿದವಳು ಇಲ್ಲಿ ಅವನ ಹೆಂಡತಿಯ ಪಕ್ಕದಲ್ಲೇ ಕಡುಬು ಹಿಡಿದುಕೊಂಡು ಕೂತಿದ್ದಾಳೆ. ಐದು ವರ್ಷದಿಂದ ಭಾನುವಾರ ಭಾನುವಾರ ತಾನು ಶಪಿಸುತ್ತ ಬಂದದ್ದು ಎಂಥವರನ್ನು? ಇಂಥವರನ್ನೇ. ಕುರುಡನ ಹಾಗೆ ನುಗ್ಗಿದ ಎಂದನಲ್ಲ ಆ ಎತ್ತರದವನು. ಕುರುಡನಾಗಿರಲಿಲ್ಲ ಅವನು. ಕತ್ತು ಚಾಚಿ ನೋಡಿದ್ದ.

"ವಿನ್ನಿ, ನಿನ್ನ ವಕೀಲ ಎಲ್ಲಿ?"

"ಯಾಕೆ?"

"ನಾನು ಆ ಬಸ್ಸಲ್ಲಿದ್ದೆ."

ವಿನಿಫ್ರೆಡ್ ಅವಳ ಮುಖವನ್ನೇ ನೋಡಿದಳು. ಆಮೇಲೆ ಎದ್ದು ವಕೀಲನನ್ನು ಕರೆಯಲು ಒಳಗೆ ಓಡಿದಳು.

ಹೊಸ ಸಾಕ್ಷಿಯನ್ನು ಕರೆಯಲು ಬಿಡಬೇಕೆಂದು ಕ್ಲಾಟ್ಸ್ ಬೇಡಿಕೊಂಡ, ಬ್ರೋಡ್ಹೆಡ್ ಕೂಗಾಡಿದ, ಹೆಲ್ಲರ್ ಬಿಟ್ಟರು. ಜೂರಿಗಳು ಮತ್ತೆ ಬಂದು ಕೂತರು. ಅಸುಂತಾ ಬೈಬಲ್ ಮೇಲೆ ಕೈಯಿಟ್ಟು, ತಾನು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಬಸ್ಸಿನ ಮೇಲೆ ಊರಿದ ಕೈ, ಚಾಚಿದ ಕತ್ತು, ಚರ್ಚಿನ ಹತ್ತಿರದ ಕಾರು, ಕೇಳದ ಹಾರ್ನ್. ಹನ್ನೆರಡು ಮುಖಗಳೂ ಅವಳ ಕಡೆಗಿದ್ದವು. ಕೊನೆಗೂ ಅವರು ತನ್ನ ಮಾತು ಕೇಳುತ್ತಿದ್ದಾರೆ, ಅದೂ ಬೇರೆಯವಳ ಗಂಡನ ಮಾತು ಎಂದು ಅವಳಿಗೆ ಆ ಹೊತ್ತಿನಲ್ಲೂ ಅನ್ನಿಸಿತು.

ಬ್ರೋಡ್ಹೆಡ್ ಹತ್ತಿರ ಬಂದ.

"ಒಂದೂವರೆ ವರ್ಷ ಎಲ್ಲಿದ್ರಿ ಮೇಡಂ? ಪ್ರಕಟಣೆ ನೋಡಿರ್ಲಿಲ್ವಾ?"

"ಮೂರು ಸಲವೂ ನೋಡಿದ್ದೆ."

"ಮಿಸೆಸ್ ಟ್ರೆಗೀರ್ ನಿಮ್ಮನ್ನ ಕೇಳಿರ್ಲಿಲ್ವಾ?"

"ಕೇಳಿದ್ಳು. ಬಸ್ಸಲ್ಲಿರ್ಲಿಲ್ಲ ಅಂತ ಸುಳ್ಳು ಹೇಳಿದೆ."

"ಸುಳ್ಳು ಹೇಳಿದ್ರಿ. ಈಗ ಪಕ್ಕದ ಮಷೀನಿನ ಗೆಳತಿಗೋಸ್ಕರ ಇನ್ನೊಂದು ಸುಳ್ಳು ಹೇಳ್ತಿದ್ದೀರಿ, ಅಲ್ವಾ?"

"ಅವಳು ನನಗೆ ಗೆಳತಿಯಲ್ಲ."

"ಮತ್ತೆ ಅವತ್ತು ಯಾಕೆ ಸುಳ್ಳು ಹೇಳಿದ್ರಿ?"

"ಹೊಟ್ಟೆಕಿಚ್ಚು ಸಾರ್" ಎಂದಳು.

ಬೆಂಚುಗಳಲ್ಲಿ ಯಾರೋ ನಕ್ಕರು. ಹೆಲ್ಲರ್ ಆ ಕಡೆ ನೋಡಿದೊಡನೆ ನಗು ನಿಂತಿತು.

"ನನ್ನ ಗಂಡನೂ ರಸ್ತೇಲೇ ಸತ್ತ. ಇದೇ ರೂಮಲ್ಲಿ ನನ್ನ ಕೇಸು ಒಂದೇ ಬೆಳಿಗ್ಗೆ ಮುಗೀತು. ಸಾಕ್ಷಿ ಇಲ್ಲ ಅಂತ ಜೂರಿಗಳನ್ನ ಮನೆಗೆ ಕಳಿಸಿಬಿಟ್ರು. ನನಗೆ ಸಿಗದ ಹನ್ನೆರಡು ಜನ ಇವಳಿಗೂ ಸಿಗಬಾರದು ಅಂತಿತ್ತು."

"ಈಗ ಆ ಹೊಟ್ಟೆಕಿಚ್ಚು ಹೋಯ್ತಾ?"

"ಇಲ್ಲ, ಹಾಗೇ ಇದೆ."

"ಹಾಗಾದ್ರೆ ಯಾಕೆ ಬಂದ್ರಿ?" ಆ ಪ್ರಶ್ನೆ ಬಾಯಿಂದ ಬಿದ್ದ ಮೇಲೆ ಬ್ರೋಡ್ಹೆಡ್ಡಿಗೇ ಅದು ಬೇಡವಾಗಿತ್ತು ಅನ್ನಿಸಿರಬೇಕು.

"ಆ ಮನುಷ್ಯ ನೋಡ್ಲಿಲ್ಲ ಅಂತ ನೀವಂದ್ರಿ. ಅವನು ನೋಡಿದ. ನನಗೆ ಹೊಟ್ಟೆಕಿಚ್ಚಿರೋದು ಅವನ ಹೆಂಡತಿ ಮೇಲೆ. ಅವನ ಮೇಲೆ ಏನೂ ಇಲ್ಲ."

ಜೂರಿಗಳ ಸಾಲಿನಲ್ಲಿ ದಪ್ಪನೆಯ ಒಬ್ಬ ಗಂಡಸು ಕೈಕಟ್ಟಿಕೊಂಡು ಕೂತಿದ್ದವನು ಕೈ ಬಿಚ್ಚಿ ಮುಂದಕ್ಕೆ ಬಾಗಿದ. ಬ್ರೋಡ್ಹೆಡ್ ಇನ್ನು ಕೇಳುವುದಿಲ್ಲವೆಂದ. ಇಳಿಯುವ ಮುಂಚೆ ಅಸುಂತಾ ನ್ಯಾಯಾಧೀಶರ ಕಡೆ ತಿರುಗಿ, "ಸ್ವಾಮಿ, ನನ್ನ ಗಂಡನ ಕೇಸಲ್ಲಿ ಇಂಥೋಳು ಒಬ್ಬಳು ಇದ್ದಿದ್ರೆ?" ಎಂದಳು. ಹೆಲ್ಲರ್ ಕನ್ನಡಕ ಹಾಕಿಕೊಂಡರು. "ಇಳಿಯಿರಿ ಮಿಸೆಸ್ ದೆನಾರ್ದೊ" ಎಂದು ಮೆಲ್ಲಗೆ ಹೇಳಿದರು.

ಜೂರಿಗಳನ್ನು ಮತ್ತೆ ಹೊರಗೆ ಕಳಿಸಿ ಅವರು ಬ್ರೋಡ್ಹೆಡ್ಡಿಗೆ ಹೇಳಿದ್ದಿಷ್ಟು: "ಈ ಹೆಂಗಸಿನ ಮಾತನ್ನ ನಂಬಬಹುದು, ನಂಬದೇನೂ ಇರಬಹುದು. ಇಬ್ಬರು ಬುದ್ಧಿವಂತರು ಇದನ್ನ ಕೇಳಿ ಎರಡು ತೀರ್ಮಾನಕ್ಕೆ ಬರಬಹುದು. ಅಂಥದ್ದು ಬಂದಾಗ ತೀರ್ಮಾನ ನನ್ನದಲ್ಲ, ಅವರದು."

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಜೂರಿಗಳು ಕೋಣೆಯೊಳಗೆ ಹೋದರು. ಮೂರು ಗಂಟೆಗೆ ಹೊರಗೆ ಬಂದು, ಕಾರಿನವನದೇ ತಪ್ಪು, ಸತ್ತವನದು ಏನೂ ಇಲ್ಲ ಎಂದರು. ಅಸುಂತಾ ಆಗ ಫ್ಯಾಕ್ಟರಿಯಲ್ಲಿದ್ದಳು. ಸುದ್ದಿ ತಂದವಳು ಪ್ರಿಚರ್ಡ್. ಅಸುಂತಾ ಕೇಳಿದ್ದು ಒಂದೇ, "ಎಷ್ಟು ಹೊತ್ತು ಕೂತಿದ್ರು?"

"ಐದು ಗಂಟೆ."

ಐದು ಗಂಟೆ ಹೊತ್ತು ಹನ್ನೆರಡು ಜನ ಬಾಗಿಲು ಹಾಕಿಕೊಂಡು ಹೆಡ್ಲಿ ಟ್ರೆಗೀರನ ಬಗ್ಗೆ ಮಾತಾಡಿದ್ದರು. ಅವನು ಎಲ್ಲಿ ನಿಂತ, ಎಷ್ಟು ನೋಡಿದ, ಯಾವ ಹೆಜ್ಜೆ ಯಾವಾಗ ಇಟ್ಟ ಎಂದು. ಆ ಸಂಜೆಯವರೆಗೆ ಅಸುಂತಾ ಹೊಲಿದ ಕಾಲರುಗಳಲ್ಲಿ ಅರ್ಧಕ್ಕರ್ಧ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ವಿನಿಫ್ರೆಡ್ ಸೋಮವಾರ ಕೆಲಸಕ್ಕೆ ಬಂದಳು. ಹ್ಯಾಟು ತೆಗೆಯದೆ ನೇರ ಅಸುಂತಾಳ ಮಷೀನಿನ ಮುಂದೆ ನಿಂತಳು.

"ನಿನಗೆ ಥ್ಯಾಂಕ್ಸ್ ಹೇಳ್ಬೇಕೋ, ಮುಖಕ್ಕೆ ಉಗೀಬೇಕೋ ಗೊತ್ತಾಗ್ತಿಲ್ಲ."

"ಎರಡೂ ಬೇಡ."

"ಒಂದೂವರೆ ವರ್ಷ ದಿನಾ ನನ್ನ ಪಕ್ಕ ಕೂತಿದ್ಯಲ್ಲೇ."

"ಕೂತಿದ್ದೆ."

ವಿನಿಫ್ರೆಡ್ ಆ ವಾರವೇ ಕೇಳಿಕೊಂಡು ಮೇಲಿನ ಮಹಡಿಯ ಗುಂಡಿ ಹಾಕುವ ವಿಭಾಗಕ್ಕೆ ಹೋದಳು. ಆಮೇಲೆ ಬೀದಿಯಲ್ಲಿ ಎದುರಾದರೆ ತಲೆ ಬಾಗಿಸುವಳು, ಇವಳೂ ಬಾಗಿಸುವಳು. ಅದಕ್ಕಿಂತ ಹೆಚ್ಚಿನದು ಅವರ ನಡುವೆ ಬೆಳೆಯಲಿಲ್ಲ. ಅಸುಂತಾ ಒಂದು ದಿನ ಕ್ಲಾಟ್ಸನ ಕಚೇರಿಗೂ ಹೋಗಿ, ಎರ್ಕೊಲೆಯ ಕೇಸನ್ನು ಮತ್ತೆ ತೆರೆಯಬಹುದೇ ಎಂದು ವಿಚಾರಿಸಿದಳು. ಅವನು ಕಾಗದಗಳನ್ನು ಓದಿ, ಕಾಲ ಮೀರಿಹೋಗಿದೆ, ಹೊಸ ಸಾಕ್ಷಿಯೂ ಇಲ್ಲ ಎಂದ. ಬರುವ ದಾರಿಯಲ್ಲಿ ಆ ಒಂಬತ್ತು ಮನೆಗಳ ಮುಂದೆ ನಡೆದಳು. ಪರದೆಯ ಮನೆಯವರು ಊರು ಬಿಟ್ಟು ಹೋಗಿದ್ದರು.

ಮನೆಯಲ್ಲಿ ಮುದುಕಿ ಹನ್ನೊಂದು ದಿನ ಮಾತಾಡಿರಲಿಲ್ಲ. ಕೋರ್ಟಿನಿಂದ ಬಂದ ಸಂಜೆ, "ನನ್ನ ಮಗನಿಗೆ ಇಲ್ಲದ್ದನ್ನ ಅವಳ ಗಂಡನಿಗೆ ಕೊಟ್ಟು ಬಂದ್ಯಾ?" ಎಂದದ್ದೇ ಕೊನೆ. ತಟ್ಟೆಯನ್ನು ತಾನೇ ಬಡಿಸಿಕೊಂಡು ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದಳು. ಹನ್ನೆರಡನೆಯ ದಿನ ಸಂಜೆ ಅಸುಂತಾ ಅಡುಗೆಮನೆಯ ಮೇಜಿನಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಾಗ ಮುದುಕಿ ಎದುರಿಗೆ ಬಂದು ಕೂತು ತಾನೂ ಒಂದು ಹಿಡಿ ಎಳೆದುಕೊಂಡಳು.

"ಆ ಟ್ರೆಗೀರ್ ನಿಜವಾಗ್ಲೂ ನೋಡಿದ್ನಾ?"

"ನೋಡಿದ ಮಮ್ಮಾ."

"ಎರ್ಕೊಲೆನೂ ನೋಡ್ತಿದ್ದ." ಮುದುಕಿ ಕಾಯಿಯ ತುದಿ ಮುರಿದಳು. "ಕಡಲಾಚೆ ನಮ್ಮೂರಲ್ಲಿ ಚಿಕ್ಕೋನಿದ್ದಾಗ ಕತ್ತೆಗಾಡಿ ಕಂಡ್ರೆ ಹೆದರಿಕೆ ಅವನಿಗೆ. ಬಾವಿ ಹತ್ರ ನನ್ನ ಲಂಗ ಹಿಡ್ಕೊಂಡು ನಿಂತ್ಬಿಡೋನು. ಗಾಡಿ ಹೋದ ಮೇಲೂ ಬರೋನಲ್ಲ. ಧೂಳು ಕೂತ ಮೇಲೆ ದಾಟೋನು."

"ಇಲ್ಲೂ ಹಾಗೇ ಮಾಡ್ತಿದ್ದ. ನನ್ನ ಕೈ ಹಿಡಿದು ನಿಲ್ಲಿಸಿಬಿಡ್ತಿದ್ದ. ಖಾಲಿ ರಸ್ತೇಲೂ."

"ಹೇಳು, ಇನ್ನೇನು ಮಾಡ್ತಿದ್ದ?"

ಅಸುಂತಾ ಹೇಳಿದಳು. ಅವನ ಎಡಗಾಲಿನ ಬೂಟು ಮೊದಲು ಸವೆಯುತ್ತಿದ್ದದ್ದು, ನಡೆಯುವಾಗ ಸಿಳ್ಳೆ ಹಾಕುತ್ತಿದ್ದವನು ರಸ್ತೆ ದಾಟುವಾಗ ನಿಲ್ಲಿಸುತ್ತಿದ್ದದ್ದು. ಕೋರ್ಟಿನಲ್ಲಿ ಯಾರೂ ಕೇಳದೆ ಉಳಿದದ್ದೆಲ್ಲ ಒಂದೊಂದಾಗಿ ಬಂತು. ಮುದುಕಿ ನಡುನಡುವೆ ತನ್ನದನ್ನು ಸೇರಿಸುತ್ತ ಹೋದಳು, ಬಾವಿ, ಕತ್ತೆಗಾಡಿ, ಆರು ವರ್ಷದ ಹುಡುಗ ಜ್ವರದಲ್ಲಿ ಹಾಡಿದ್ದು. ಅದನ್ನೆಲ್ಲ ಕೇಳುತ್ತ ಕೂತ ಅಸುಂತಾಗೆ, ಅವನ ಆ ಮೊದಲ ಇಪ್ಪತ್ತು ವರ್ಷ ಪೂರಾ ಈ ಮುದುಕಿಗೊಬ್ಬಳಿಗೇ ಸಿಕ್ಕಿತ್ತಲ್ಲ ಎಂದು ಹೊಟ್ಟೆಯೊಳಗೆ ಸಣ್ಣಗೆ ಉರಿಯತೊಡಗಿತು. ಆದರೂ, "ಆಮೇಲೆ ಮಮ್ಮಾ?" ಎಂದಳು.